ಆಷಾಢದಲ್ಲಿ ಪಡುವಲಕ್ಕೆ

ಸೈಕಲ್ ಪ್ರವಾಸ ಮುಗಿಸಿ ಬಂದು ಒಂದು ವರ್ಷವಾಗುತ್ತಾ ಬಂತು. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಕಡೆ ನಿಂತು ತೆಗೆಸಿಕೊಂಡ ಫೋಟೋ ನೋಡಿದವರೆಲ್ಲ ಕೇಳುವುದು ಘಟ್ಟದ ಬಗ್ಗೆ. ಜೋಗದ ಹತ್ತಿರ ಮಳೆ ಹೇಗಿತ್ತು, ಇಳಿಜಾರಿನಲ್ಲಿ ಬ್ರೇಕ್ ಹಿಡಿಯಿತಾ, ಕಾಡಿನಲ್ಲಿ ಒಬ್ಬರೇ ಹೋಗಲು ಹೆದರಿಕೆ ಆಗಲಿಲ್ಲವಾ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ. ಮನಸ್ಸು ಮಾತ್ರ ಎರಡನೆಯ ದಿನಕ್ಕೇ ಹೋಗಿ ನಿಲ್ಲುತ್ತದೆ. ಆ ದಿನ ಘಟ್ಟವಿರಲಿಲ್ಲ, ಕಾಡಿರಲಿಲ್ಲ, ಒಂದು ಹನಿ ಮಳೆಯೂ ಬೀಳಲಿಲ್ಲ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರು, ಅಲ್ಲಿಂದ ಮಧುಗಿರಿ, ಮಧುಗಿರಿಯಿಂದ ಶಿರಾ. ಗೌರಿಬಿದನೂರು ದಾಟಿದ ಮೇಲೆ ಸುಮಾರು 80 ಕಿಲೋಮೀಟರು ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೇ ಹೋಗುವ ದಾರಿ. ನಮ್ಮದೇ ಬಯಲುಸೀಮೆ, ನಮ್ಮದೇ ಭಾಷೆ, ರಸ್ತೆಯ ಎರಡೂ ಕಡೆ ನಾನು ಹುಟ್ಟಿದಂದಿನಿಂದ ನೋಡಿದ ಬಂಡೆ, ಹುಣಸೆಮರ, ಕೆಂಪುಮಣ್ಣು. ಎಂಟು ದಿನದ ಪ್ರವಾಸದಲ್ಲಿ ನಾನು ಸೋತು ಕೂತದ್ದು ಅಲ್ಲಿಯೇ.

ನಾನು ಕೋಲಾರದವನು. ಕೋಲಾರದಿಂದ ಕಡಲಿನವರೆಗೆ ಒಬ್ಬನೇ ಸೈಕಲ್ ತುಳಿಯಬೇಕೆಂಬುದು ಹಳೆಯ ಆಸೆ. ಜುಲೈನಲ್ಲಿ ರಜೆ ಸಿಕ್ಕಿತು. ಆರು ದಿನದ ಯೋಜನೆ ಹಾಕಿ, ಒಂದೊಂದು ದಿನಕ್ಕೂ ದೂರ ಎಷ್ಟು, ಏರು ಎಷ್ಟು, ನೀರು ಎಲ್ಲಿ ಸಿಗುತ್ತದೆ ಎಂದೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎರಡನೆಯ ದಿನದ ಬಗ್ಗೆಯಂತೂ ನನಗೆ ಯಾವ ಅನುಮಾನವೂ ಇರಲಿಲ್ಲ, ಯಾಕೆಂದರೆ ಆ ದಾರಿಯ ಬಹುಪಾಲನ್ನು ಹಿಂದಿನ ಡಿಸೆಂಬರಿನಲ್ಲೇ ತುಳಿದು ನೋಡಿದ್ದೆ. ಚಿಕ್ಕಬಳ್ಳಾಪುರದಿಂದ ಮಂಚೇನಹಳ್ಳಿ, ಗೌರಿಬಿದನೂರು ಹಾದು ಮಧುಗಿರಿವರೆಗೆ ಸುಮಾರು 75 ಕಿಲೋಮೀಟರು. ಡಿಸೆಂಬರಿನ ಆ ಬೆಳಿಗ್ಗೆ ನನಗೆ ಹಿಡಿದದ್ದು 4 ಗಂಟೆ 10 ನಿಮಿಷ. ಗಂಟೆಗೆ 18ರ ಸರಾಸರಿ. ಮಧುಗಿರಿ ಬೆಟ್ಟದ ಬುಡದಲ್ಲಿ ನಿಂತು ನೀರು ಕುಡಿಯುವಾಗ ಕಾಲಿನಲ್ಲಿ ಇನ್ನೂ ಕಸುವಿತ್ತು. ಆ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಆರು ದಿನದ ಇಡೀ ಯೋಜನೆ ನಿಂತಿದ್ದು ಆ ಎರಡು ಗೆರೆಗಳ ಮೇಲೆ. ಈಗ ಚೀಲಗಳ ಭಾರ ಬೇರೆ ಇದೆಯಲ್ಲ ಎಂದು ಒಂದು ಗಂಟೆ ಜಾಸ್ತಿಯೇ ಇಟ್ಟುಕೊಂಡೆ.

ಬೆಟ್ಟ ಹತ್ತಿರ ಬರಲಿಲ್ಲ

ಬೆಳಿಗ್ಗೆ ಐದೂವರೆಗೆ ಚಿಕ್ಕಬಳ್ಳಾಪುರ ಬಿಟ್ಟೆ. ಗೌರಿಬಿದನೂರಿನವರೆಗೂ ಎಲ್ಲ ಸರಿಯಿತ್ತು. ಎಂಟೂಕಾಲಕ್ಕೆ ಅಲ್ಲಿ ಇಡ್ಲಿ ತಿಂದು, ಬಾಟಲಿ ತುಂಬಿಸಿ, ಪಶ್ಚಿಮಕ್ಕೆ ತಿರುಗಿದೆ. ಒಂಬತ್ತು ಗಂಟೆ ದಾಟುತ್ತಲೇ ಗಾಳಿ ಎದ್ದಿತು.

ಬಯಲುಸೀಮೆಯವರಿಗೆ ಆಷಾಢದ ಗಾಳಿಯನ್ನು ಪರಿಚಯಿಸಬೇಕಾಗಿಲ್ಲ. ಕದ ದಢಾರೆಂದು ಬಡಿದುಕೊಳ್ಳುವ, ಒಣಗಿ ಹಾಕಿದ ಬಟ್ಟೆ ಪಕ್ಕದ ಬೀದಿಗೆ ಹೋಗುವ ಗಾಳಿ. ಆದರೆ ಮನೆಯೊಳಗೆ ಕೂತು ಅದನ್ನು ಕೇಳುವುದು ಬೇರೆ, ಮೈಲಿಗಟ್ಟಲೆ ಮರವಿಲ್ಲದ ಬಯಲಿನಲ್ಲಿ ಎರಡು ಚೀಲ ನೇತುಹಾಕಿಕೊಂಡ ಸೈಕಲ್ ಮೇಲೆ ಕೂತು ಎದೆಯೊಡ್ಡುವುದು ಬೇರೆ. ಬಿಟ್ಟೂ ಬಿಟ್ಟೂ ಬೀಸಿದರೆ ನಡುವೆ ಉಸಿರು ಎಳೆದುಕೊಳ್ಳಬಹುದು. ಇದು ಬಿಡಲೇ ಇಲ್ಲ. ಯಾರೋ ಎದೆಯ ಮೇಲೆ ಅಂಗೈ ಇಟ್ಟು ಹಿಂದಕ್ಕೆ ತಳ್ಳುತ್ತಾ ನನ್ನ ಜೊತೆಗೇ ನಡೆದು ಬರುತ್ತಿರುವ ಹಾಗಿತ್ತು. ಸಣ್ಣ ಇಳಿಜಾರಿನಲ್ಲೂ ತುಳಿಯುವುದು ನಿಲ್ಲಿಸಿದರೆ ಸೈಕಲ್ ನಿಂತೇ ಬಿಡುತ್ತಿತ್ತು. ಇಳಿಜಾರಿನಲ್ಲಿ ಕಡಿಮೆ ಗೇರ್ ಹಾಕಿ ತುಳಿಯುವುದು ನನಗೆ ಅದೇ ಮೊದಲು.

ಮೇಲೆ ಮೋಡಗಳು ಓಡುತ್ತಿದ್ದವು. ಪುನರ್ವಸು ಮಳೆಯ ದಿನಗಳವು, ಆದರೆ ಈ ಕಡೆ ಪುನರ್ವಸು ಎಂದರೆ ಮೋಡ ನೋಡುವುದು, ಅಷ್ಟೇ. ಇದೇ ಗಾಳಿ ಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಸುತ್ತದೆ. ಸುರಿಸಿ, ಹಗುರಾಗಿ, ಒಣಗಿ ನಮ್ಮ ಕಡೆ ಬರುತ್ತದೆ. ನಮಗೆ ಉಳಿಯುವುದು ವೇಗ ಮಾತ್ರ. ಹೊಲಗಳಲ್ಲಿ ಜನ ಕಡ್ಲೆಕಾಯಿ ಬಿತ್ತನೆಗೆ ಮಣ್ಣು ಹದ ಮಾಡಿಟ್ಟುಕೊಂಡು ತಲೆಯೆತ್ತಿ ಅದೇ ಮೋಡಗಳನ್ನು ನೋಡುತ್ತಿದ್ದರು. ಅವರ ಬಯಕೆ ನಿಲ್ಲಲಿ ಎಂದು, ನನ್ನದೂ ನಿಲ್ಲಲಿ ಎಂದೇ.

ದೂರದಲ್ಲಿ ಮಧುಗಿರಿಯ ಏಕಶಿಲಾ ಬೆಟ್ಟ ಕಾಣಿಸಿತು. ಡಿಸೆಂಬರಿನಲ್ಲಿ ಅದು ಕಂಡ ಮೇಲೆ ಊರು ಬಂದದ್ದೇ ಗೊತ್ತಾಗಿರಲಿಲ್ಲ. ಈ ಸಲ ಅದು ಇದ್ದಲ್ಲೇ ಇತ್ತು. ತಲೆ ಬಗ್ಗಿಸಿ ಮುಂದಿನ ಚಕ್ರವನ್ನೇ ನೋಡುತ್ತಾ ಇನ್ನೂರು ಸುತ್ತು ಎಣಿಸಿ ತುಳಿದು ತಲೆಯೆತ್ತಿದರೆ ಬೆಟ್ಟ ಅಷ್ಟೇ ದೊಡ್ಡದು, ಅಷ್ಟೇ ದೂರ. ಮತ್ತೆ ಇನ್ನೂರು. ಮತ್ತೆ ಅಷ್ಟೇ. ಒಂದು ಕಡೆ ಇಳಿದು ತಳ್ಳಿಕೊಂಡು ನಡೆದೆ. ಎಚ್. ನರಸಿಂಹಯ್ಯನವರು ನೆನಪಾದರು. ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗ, ಬಸ್ಸಿಗೆ ದುಡ್ಡಿಲ್ಲದೆ ಹೈಸ್ಕೂಲು ಸೇರಲು ಬೆಂಗಳೂರಿನವರೆಗೆ ನಡೆದುಕೊಂಡೇ ಹೋದವರು. ಆ ಹುಡುಗನ ಮುಂದೆ ಒಂದು ಶಾಲೆಯಿತ್ತು. ನನ್ನ ಮುಂದೆ ನೋಟ್‌ಬುಕ್ಕಿನಲ್ಲಿ ಬರೆದ ಒಂದು ಅಂಕಿ ಮಾತ್ರ ಇತ್ತು. ಹಾಗೆ ಅನ್ನಿಸಿದ್ದು ನನಗೆ ಒಳ್ಳೆಯದೇನೂ ಮಾಡಲಿಲ್ಲ. ಸಿಟ್ಟು ಬಂತು, ಮತ್ತೆ ಹತ್ತಿ ತುಳಿದೆ.

ಸೇತುವೆಯ ಕೆಳಗೆ

ಜಯಮಂಗಲಿ ನದಿಯ ಸೇತುವೆ ಹತ್ತಿರ ಹಿಂದಿನ ಚಕ್ರ ಕುಪ್ಪಳಿಸತೊಡಗಿತು. ಪಂಚರ್. ಟೈರ್ ತಿರುಗಿಸುತ್ತಾ ಹೋದರೆ ನೆಗ್ಗಿಲು ಮುಳ್ಳು. ಹೊಲದಲ್ಲಿ ಬರಿಗಾಲಲ್ಲಿ ಓಡಾಡಿದ ಯಾರಿಗೂ ಅದರ ಪರಿಚಯ ಇದ್ದೇ ಇರುತ್ತದೆ. ಹೇಗೆ ಬಿದ್ದರೂ ಒಂದು ಕೊಂಬು ಆಕಾಶಕ್ಕೆ ನಿಂತಿರುವ ಹಾಗೆ ಅದನ್ನು ಮಾಡಲಾಗಿದೆ. ಕಡಲೆಗಾತ್ರದ ಕಾಯಿ, ಒಣಗಿ ಬೂದಿ ಬಣ್ಣಕ್ಕೆ ತಿರುಗಿದ್ದು, ಒಂದು ಕೊಂಬು ಪೂರ್ತಿ ರಬ್ಬರಿನೊಳಗೆ ಹೋಗಿತ್ತು, ಇನ್ನೊಂದು ರಸ್ತೆಗೆ ಉಜ್ಜಿ ಸವೆದಿತ್ತು. ಉಗುರಿನಲ್ಲಿ ಎಬ್ಬಿಸಿ ತೆಗೆದೆ.

ಪಂಚರ್ ಹಾಕುವುದು ನನಗೆ ಹೊಸದಲ್ಲ. ಟ್ಯೂಬಿಗೆ ಗಾಳಿ ತುಂಬಿ ಕಿವಿಯ ಹತ್ತಿರ ಹಿಡಿದರೆ ತೂತು ಎಲ್ಲಿದೆಯೆಂದು ತಾನೇ ಹೇಳುತ್ತದೆ. ಅಂದು ಕಿವಿಗೆ ಏನೂ ಕೇಳಲಿಲ್ಲ. ಕೆನ್ನೆಗೆ ಹಿಡಿದೆ, ಕೆನ್ನೆಯ ತುಂಬ ಬರೀ ಆಷಾಢ. ಆ ದೊಡ್ಡ ಗಾಳಿಯೊಳಗೆ ಸೂಜಿಮೊನೆಯಷ್ಟು ಗಾಳಿಯನ್ನು ಹುಡುಕುವುದು ಹೇಗೆ? ಕೊನೆಗೆ ಸೈಕಲ್ಲನ್ನೂ ಚೀಲವನ್ನೂ ಇಳಿಸಿಕೊಂಡು ಸೇತುವೆಯ ಕೆಳಗೆ ಹೋದೆ. ನದಿಯಲ್ಲಿ ನೀರಿರಲಿಲ್ಲ, ಮರಳು, ಅಲ್ಲಲ್ಲಿ ಬಳ್ಳಾರಿ ಜಾಲಿ. ಕಂಬದ ಮೂಡಲ ಮಗ್ಗುಲಿಗೆ ಒತ್ತಿ ಕೂತಾಗ ಗಾಳಿ ತಲೆಯ ಮೇಲಿಂದ ಹಾದುಹೋಗತೊಡಗಿತು. ಮೂರು ಗಂಟೆಗಳಲ್ಲಿ ಮೊದಲ ಸಲ ನನ್ನ ಉಸಿರು ನನಗೆ ಕೇಳಿಸಿತು. ಟ್ಯೂಬನ್ನು ಇಂಚಿಂಚಾಗಿ ಕೆಳತುಟಿಯ ಹತ್ತಿರ ಹಿಡಿಯುತ್ತಾ ಹೋದೆ. ತುಟಿಯಷ್ಟು ಸೂಕ್ಷ್ಮ ಬೇರೆ ಯಾವುದೂ ಇಲ್ಲ. ವಾಲ್ವಿನಿಂದ ಗೇಣುದ್ದ ಆಚೆ ತಣ್ಣಗಿನ ಒಂದು ಎಳೆ ತುಟಿಗೆ ತಾಗಿತು. ಉಜ್ಜಿ, ಸಲ್ಯೂಷನ್ ಹಚ್ಚಿ, ಒಣಗಲು ಬಿಟ್ಟು, ಪ್ಯಾಚ್ ಒತ್ತಿ ಹಿಡಿದು ಕೂತೆ. ಅಲ್ಲೇ ಕೂತಿರಬೇಕು ಅನ್ನಿಸಿತು.

ಎದ್ದು ಹೊರಟು ಮೂರು ಕಿಲೋಮೀಟರು ಹೋದ ಮೇಲೆ ಗೊತ್ತಾಯಿತು, ಕೈಪಂಪನ್ನು ಮರಳಿನ ಮೇಲೇ ಬಿಟ್ಟು ಬಂದಿದ್ದೆ.

ಒಬ್ಬನೇ ಹೋಗುವವನು ಪಂಪ್ ಬಿಟ್ಟು ಹೋಗುವ ಹಾಗಿಲ್ಲ. ಸೈಕಲ್ ತಿರುಗಿಸಿದೆ. ಮತ್ತೆ, ನಾನು ಇಷ್ಟೆಲ್ಲ ಬರೆಯಲು ಕೂತದ್ದೇ ಈ ಮುಂದಿನ ಏಳು ನಿಮಿಷಗಳಿಗಾಗಿ.

ತಿರುಗಿಸಿದ ಕೂಡಲೇ ಸದ್ದು ನಿಂತುಹೋಯಿತು. ಗಾಳಿಯೇ ನಿಂತಿತು ಅಂದುಕೊಂಡೆ. ಬೆಳಿಗ್ಗೆಯಿಂದ ಎರಡೂ ಕಿವಿಯಲ್ಲಿ ಬೋರ್ಗರೆಯುತ್ತಿದ್ದದ್ದು ಇಲ್ಲ. ಚೈನಿನ ಸಣ್ಣ ಟಿಕ್ ಟಿಕ್ ಕೇಳಿಸಿತು. ಟೈರು ಡಾಂಬರಿನ ಮೇಲೆ ಉರುಳುವ ಸದ್ದು ಕೇಳಿಸಿತು. ಎಲ್ಲೋ ಟಿಟ್ಟಿಭ ಕೂಗಿದ್ದು ಕೇಳಿಸಿತು. ಅಂಗಿ ಮೈಗೆ ಅಂಟದೆ ಸಡಿಲವಾಗಿ ಇಳಿಬಿದ್ದಿತ್ತು. ಬೆವರು ಮೊದಲ ಸಲ ಹಣೆಯಿಂದ ಹನಿಯಾಗಿ ಇಳಿಯಿತು. ಕಾಲು ಸುಮ್ಮನೆ ತಿರುಗುತ್ತಿತ್ತು, ವೇಗ 27. ಗೇರ್ ಏರಿಸಿದೆ. ನನ್ನ ಕಾಲುಗಳು ವಾಪಸು ಬಂದವು ಅಂದುಕೊಂಡೆ. ಹೌದು, ನಿಜವಾಗಿಯೂ ಹಾಗೇ ಅಂದುಕೊಂಡೆ: ಇಡ್ಲಿ ಈಗ ಮೈಗೆ ಹತ್ತಿತು, ವಿಶ್ರಾಂತಿ ಸಿಕ್ಕಿತು, ಈಗ ನಾನು ಸರಿಹೋದೆ. ಆಮೇಲೆ ರಸ್ತೆ ಪಕ್ಕದ ಹುಲ್ಲು ಕಣ್ಣಿಗೆ ಬಿತ್ತು. ಅದು ನಾನು ಹೋಗುವ ದಿಕ್ಕಿಗೇ, ನೆಲಕ್ಕೆ ಮಲಗುವ ಹಾಗೆ ಬಾಗಿತ್ತು. ಗಾಳಿ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ನಾನು ಅದರೊಳಗೆ, ಅದರಷ್ಟೇ ವೇಗದಲ್ಲಿ, ಅದಕ್ಕೆ ಗೊತ್ತಿಲ್ಲದ ಹಾಗೆ ಹೋಗುತ್ತಿದ್ದೆ. ನನಗೂ ಗೊತ್ತಿಲ್ಲದ ಹಾಗೆ.

ಮೂರು ಕಿಲೋಮೀಟರಿಗೆ 7 ನಿಮಿಷ. ಪಂಪ್ ಸಿಕ್ಕಿತು. ಅದೇ ಮೂರು ಕಿಲೋಮೀಟರು ಮತ್ತೆ ಪಶ್ಚಿಮಕ್ಕೆ, 22 ನಿಮಿಷ. ಆ 22 ನಿಮಿಷವೂ ಡಿಸೆಂಬರಿನ ಬೆಳಿಗ್ಗೆಯೇ ಕಣ್ಣ ಮುಂದಿತ್ತು. ಎಷ್ಟು ನಿಶ್ಶಬ್ದವಾಗಿತ್ತು ಅದು! ಚಳಿಗಾಲದ ಬೆಳಗಿನ ಶಾಂತಿ ಎಂದುಕೊಂಡಿದ್ದೆ.

ಲೆಕ್ಕ

ಸೈಕಲ್ ತುಳಿಯುವವರಿಗೆ ಇದರ ಲೆಕ್ಕ ಗೊತ್ತಿರುತ್ತದೆ. ನನಗೂ ಗೊತ್ತಿತ್ತು, ಪುಸ್ತಕದ ಲೆಕ್ಕವಾಗಿ. ಗಾಳಿಯಿಲ್ಲದ ದಿನ 20ರ ವೇಗದಲ್ಲಿ ಹೋದರೆ ಮೈಗೆ ಬಡಿಯುವುದು 20ರ ಗಾಳಿ. ಎದುರಿನಿಂದ 20ರ ಗಾಳಿ ಬೀಸಿದರೆ ಅದೇ ವೇಗಕ್ಕೆ ಬಡಿಯುವುದು 40. ಗಾಳಿಯ ತಡೆ ವರ್ಗದಲ್ಲಿ ಏರುವುದರಿಂದ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇನ್ನೊಂದು ಕಡೆಯನ್ನು ನಾನು ಯಾವತ್ತೂ ಹಾಕಿ ನೋಡಿರಲಿಲ್ಲ. ಬೆನ್ನಿಗೆ ಬರೀ 10ರ ಗಾಳಿ ಇದ್ದರೆ ಸಾಕು, 20ರಲ್ಲಿ ಹೋಗುವವನ ಮೈಗೆ ತಾಗುವುದು 10. ತಡೆ ಕಾಲುಭಾಗಕ್ಕೆ ಇಳಿಯಿತು. ಅಷ್ಟು ಮೆಲ್ಲನೆಯ ಗಾಳಿ ಬೆನ್ನಿಗಿದ್ದರೆ ಅದು ಇದೆಯೆಂದು ಮೈಗೆ ಗೊತ್ತೇ ಆಗುವುದಿಲ್ಲ, ಮುಖಕ್ಕೆ ತಂಪಾಗಿ ತಾಗುತ್ತಿರುವುದು ನಮ್ಮದೇ ವೇಗದ ಗಾಳಿಯಲ್ಲವೇ.

ಡಿಸೆಂಬರಿನಲ್ಲಿ ನಮ್ಮ ಕಡೆ ಗಾಳಿ ಮೂಡಲಿನಿಂದ ಬರುತ್ತದೆ. ಇದನ್ನು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಚಿಕ್ಕವನಿದ್ದಾಗ ಆಷಾಢ ಬಂತೆಂದರೆ ಗಾಳಿಪಟ. ಮನೆಯ ತಾರಸಿಯ ಯಾವ ಅಂಚಿನಲ್ಲಿ ನಿಲ್ಲಬೇಕು, ಪಟ ಯಾವ ಕಡೆ ಏರುತ್ತದೆ, ದಾರ ಕಿತ್ತರೆ ಯಾವ ದಿಕ್ಕಿನ ಹೊಲದಲ್ಲಿ ಹುಡುಕಬೇಕು ಎಂದು ಎಂಟು ವರ್ಷಕ್ಕೇ ಗೊತ್ತಿತ್ತು. ಪಟ ಯಾವತ್ತೂ ಮೂಡಲಿಗೇ ಹೋಗುತ್ತಿತ್ತು. ಪಡುವಲಿಗೆ ಹೋಗಿ ಹುಡುಕಿದ ನೆನಪು ಒಂದೂ ಇಲ್ಲ. ಆ ಹುಡುಗನನ್ನು ಕೇಳಿದ್ದರೆ ನನ್ನ ಯೋಜನೆಯ ಕಾಗದ ನೋಡಿ ಕ್ಷಣದಲ್ಲಿ ಹೇಳುತ್ತಿದ್ದ. ನಾನು ಏರು ನೋಡಿದೆ, ದೂರ ನೋಡಿದೆ, ರಸ್ತೆಯ ಗುಣ ನೋಡಿದೆ. ಯಾವ ತಿಂಗಳಿನಲ್ಲಿ ಯಾವ ದಿಕ್ಕಿಗೆ ಎಂಬುದನ್ನು ಮಾತ್ರ ನೋಡಲಿಲ್ಲ. ಅದಕ್ಕಿಂತ ನನ್ನನ್ನು ಇವತ್ತಿಗೂ ಕೊರೆಯುವುದು ಬೇರೆ. ಡಿಸೆಂಬರಿನ ಆ ನಾಲ್ಕು ಗಂಟೆ ಹತ್ತು ನಿಮಿಷವನ್ನು ನಾನು ಎಷ್ಟು ಜನರಿಗೆ ಹೇಳಿಕೊಂಡಿದ್ದೆ. ಜೊತೆಗೆ ಸೈಕಲ್ ಕಲಿಯುತ್ತಿದ್ದ ಗೆಳೆಯನೊಬ್ಬ ಏಪ್ರಿಲ್‌ನಲ್ಲಿ ಅದೇ ದಾರಿಗೆ ಆರು ಗಂಟೆ ತೆಗೆದುಕೊಂಡು ಬಾಡಿದ ಮುಖದಲ್ಲಿ ಬಂದಾಗ, ದಿನಾ ತುಳಿಯಬೇಕು, ಬಿಡಬಾರದು ಎಂದು ಬುದ್ಧಿ ಹೇಳಿದ್ದೆ. ಅವತ್ತು ಅವನಿಗೆ ಗಾಳಿ ಯಾವ ಕಡೆಯಿಂದ ಇತ್ತು ಎಂದು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೇ ಇರಲಿಲ್ಲ.

ಜಗಲಿ

ಮಧುಗಿರಿ ಮುಟ್ಟಿದಾಗ ಎರಡೂವರೆ. ಊಟಕ್ಕೆ ಕೂತರೆ ಕತ್ತಲಾಗುತ್ತದೆ ಎಂಬ ಭಯಕ್ಕೆ ಒಂದು ಬನ್ನು, ಒಂದು ಟೀ ಕುಡಿದು ಹೊರಟೆ. ಅದು ಆ ದಿನದ ದೊಡ್ಡ ತಪ್ಪು. ಮೈಯೊಳಗೆ ಶೇಖರವಾಗಿರುವ ಸಕ್ಕರೆ ಹೆಚ್ಚೆಂದರೆ ನಾನೂರು ಐನೂರು ಗ್ರಾಂ. ಅದು ಮುಗಿದ ಮೇಲೆ ಕೊಬ್ಬು ಎಷ್ಟಿದ್ದರೂ ಅದು ಕರಗಿ ಕಾಲಿಗೆ ಬರುವ ವೇಗ ಸಾಲುವುದಿಲ್ಲ. ಸೈಕಲ್‌ನವರು ಬಾಂಕ್ ಅನ್ನುತ್ತಾರೆ. ನಮ್ಮ ಹಳ್ಳಿಯ ಮಾತಿನಲ್ಲಿ ಕೈಕಾಲು ಬಿದ್ದುಹೋಗುವುದು. ಬಡವನಹಳ್ಳಿಗೆ ಇನ್ನೂ ಒಂದೆರಡು ಮೈಲಿ ಇರುವಾಗ ಅದೇ ಆಯಿತು. ತಣ್ಣನೆ ಬೆವರು, ಬೆರಳು ನಡುಕ, ಗೇರ್ ಏರಿಸಬೇಕೋ ಇಳಿಸಬೇಕೋ ಎಂದು ಯೋಚಿಸಲೂ ಆಗದಷ್ಟು ಮಂಕು. ಕಣ್ಣಲ್ಲಿ ನೀರು ತಾನಾಗಿ ಬಂತು. ರಸ್ತೆ ಪಕ್ಕದ ಮನೆಯೊಂದರ ಮುಂದೆ ಸೈಕಲ್ ಮಲಗಿಸಿ ಜಗಲಿಯ ಮೇಲೆ ಕೂತುಬಿಟ್ಟೆ.

ಅಂಗಳದಲ್ಲಿ ಒಬ್ಬ ಅಜ್ಜಿ ಬಿತ್ತನೆಗೆ ಕಡ್ಲೆಕಾಯಿ ಸುಲಿಯುತ್ತಿದ್ದರು. ನನ್ನನ್ನು ಒಂದು ಗಳಿಗೆ ನೋಡಿದರು, ಏನೂ ಕೇಳಲಿಲ್ಲ, ಒಳಗೆ ಹೋಗಿ ಒಂದು ಅಚ್ಚು ಬೆಲ್ಲ, ಒಂದು ಚೊಂಬು ಮಜ್ಜಿಗೆ ತಂದಿಟ್ಟರು. ಬೆಲ್ಲವನ್ನು ಕಚ್ಚಿ ಕಚ್ಚಿ ತಿಂದೆ. ಹತ್ತು ನಿಮಿಷಕ್ಕೆ ಲೋಕ ತನ್ನ ಜಾಗಕ್ಕೆ ಬಂದು ಕೂತಿತು. ಆಮೇಲೆ ಮಾತು.

“ಯಾವೂರಪ್ಪ?”

“ಕೋಲಾರ, ಅಜ್ಜಿ.”

“ಕೋಲಾರದಿಂದ ಇದ್ರಾಗೇ ಬಂದ್ಯಾ? ಎಲ್ಲಿಗೆ?”

ಸಮುದ್ರದವರೆಗೆ ಎಂದೆ. ಕೈ ಮಾಡಿ ಪಶ್ಚಿಮ ತೋರಿಸಿದೆ. ಅವರ ಕೈ ನಿಂತಿತು. “ಆಷಾಢದಾಗೆ ಯಾರಾನಾ ಪಡುವಲಕ್ಕೆ ಹೋಗ್ತಾರೇನಪ್ಪ? ಗಾಳಿ ಬರಾದೇ ಅತ್ಲಿಂದ.” ಗದರಿದ್ದಲ್ಲ, ಆಡಿಕೊಂಡದ್ದೂ ಅಲ್ಲ. ಮಗು ಬಿಸಿ ಪಾತ್ರೆಗೆ ಕೈ ಹಾಕಲು ಹೋದಾಗ ಬರುವ ದನಿ ಅದು.

ಅವರು ಕೂತಿದ್ದ ರೀತಿಯನ್ನು ಆಗ ಗಮನಿಸಿದೆ. ಬೆನ್ನು ಪಡುವಲಿಗೆ. ಮೊರದಲ್ಲಿ ಸುಲಿದ ಬೀಜ ತುಂಬಿಕೊಂಡು ಎದ್ದು ನಿಂತು, ಎದೆಯೆತ್ತರಕ್ಕೆ ಹಿಡಿದು, ಸ್ವಲ್ಪ ಓರೆ ಮಾಡಿ ನಿಧಾನಕ್ಕೆ ಸುರಿದರು. ಬೀಜ ಕಾಲ ಬುಡದ ಗೋಣಿತಾಟಿನ ಮೇಲೆ ಟಪಟಪ ಬಿತ್ತು. ಸಿಪ್ಪೆ ಬೀಳಲೇ ಇಲ್ಲ. ಅಂಗಳ ದಾಟಿ, ಬೇಲಿಯ ಬುಡಕ್ಕೆ ಹೋಗಿ ಗುಡ್ಡೆಯಾಯಿತು. ಅಲ್ಲಿ ಆಗಲೇ ಮೊಣಕಾಲೆತ್ತರದ ರಾಶಿಯಿತ್ತು. ಬೆಳಿಗ್ಗೆಯಿಂದ ನನ್ನನ್ನು ಅರೆದು ಹಾಕಿದ ಗಾಳಿ ಅವರಿಗೆ ದಿನವಿಡೀ ಕೂಲಿ ಕೇಳದೆ ಕೆಲಸ ಮಾಡುತ್ತಿತ್ತು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ನೂರು ಸಲ ಕೇಳಿದ್ದೇನೆ, ಅವಕಾಶ ಸಿಕ್ಕಾಗ ಬಿಡಬೇಡ ಎಂದು ಹೇಳಲು ಬಳಸಿಯೂ ಇದ್ದೇನೆ. ಅದು ಹೀಗೆ ಕಾಣುತ್ತದೆ ಎಂದು ಮರೆತೇ ಹೋಗಿತ್ತು.

“ಹೊತ್ತು ಮುಳುಗ್ಲಿ, ಇರು. ಗಾಳೀನೂ ಮಲಗ್ತೈತೆ. ಆಮ್ಯಾಕೆ ಹೋಗು.”

ಆಗ ಐದು ಗಂಟೆ. ಶಿರಾ ಇನ್ನೂ ಸುಮಾರು 25 ಕಿಲೋಮೀಟರು. ಕತ್ತಲಾಗುವ ಮೊದಲು ಸೇರಬೇಕು ಎಂದೇ ಬೆಳಿಗ್ಗೆಯಿಂದ ಊಟ ಬಿಟ್ಟು ಒದ್ದಾಡಿದ್ದೆ. ಕತ್ತಲಾಗುವವರೆಗೆ ಕಾಯಿ ಅನ್ನುತ್ತಿದ್ದರು ಇವರು. ಸುಮ್ಮನೆ ಕೂರುವುದು ಹೇಗೆಂದು ನಾನೂ ಕಾಯಿ ಸುಲಿಯಲು ಕೂತೆ. ಬೀಜದ ಕಾಯಿ ಸುಲಿಯುವುದು ಸುಲಭವಲ್ಲ. ಕಾಯಿಯ ಮೂತಿಯನ್ನು ಕಲ್ಲಿಗೆ ಮೆಲ್ಲಗೆ ಕುಟ್ಟಿ ಬಿರುಕು ಬಿಡಿಸಿ, ಹೆಬ್ಬೆರಳಲ್ಲಿ ಅಗಲಿಸಿ ಬೀಜ ತೆಗೆಯಬೇಕು. ಮೇಲಿನ ಕೆಂಪು ಸಿಪ್ಪೆಗೆ ಪೆಟ್ಟಾದರೆ ಆ ಬೀಜ ಮೊಳಕೆಯೊಡೆಯುವ ನಂಬಿಕೆಯಿಲ್ಲ. ಪೆಟ್ಟಾದದ್ದನ್ನು ಅಜ್ಜಿ ಆರಿಸಿ ನನ್ನ ಮುಂದಿಡುತ್ತಿದ್ದರು, ತಿನ್ನಲು. ಮೊದಲ ಅರ್ಧ ಗಂಟೆ ನಾನು ಸುಲಿದದ್ದರಲ್ಲಿ ಬಹಳಷ್ಟು ನನ್ನ ಮುಂದೆಯೇ ಬಂದವು. ಮಳೆ ಬರುತ್ತಾ ಎಂದು ಕೇಳಿದೆ. ಬಂದರೆ ಹಾಕುವುದು, ಬರದಿದ್ದರೆ ಮುಂದಿನ ಮಳೆಗೆ ನೋಡುವುದು ಎಂದರು. ಬೀಜ ಮಾತ್ರ ತಯಾರಿರಬೇಕು.

ಆರೂಮುಕ್ಕಾಲಿಗೆ ಸೂರ್ಯ ಇಳಿದ. ಏಳು ಗಂಟೆಯ ಹೊತ್ತಿಗೆ ಅಂಗಳದ ಬೇವಿನ ಮರದ ಮೇಲಿನ ಕೊಂಬೆಗಳು ಮಾತ್ರ ಅಲುಗುತ್ತಿದ್ದವು. ನೆಲ ತಣ್ಣಗಾದಂತೆ ಮೇಲಿನ ಗಾಳಿ ಕೆಳಗಿಳಿಯುವುದು ನಿಲ್ಲುತ್ತದೆ. ಇದಕ್ಕೆ ಕಾರಣವನ್ನು ಹವಾಮಾನದ ಪುಸ್ತಕದಲ್ಲಿ ಓದಿದ್ದೆ, ಅದು ಒಂದು ದಾರಿ ತೋರಿಸುತ್ತದೆ ಎಂದು ಹೊಳೆದಿರಲಿಲ್ಲ. ಅಜ್ಜಿ ಒಂದು ಹಿಡಿ ಬೀಜ, ಇನ್ನೊಂದು ಅಚ್ಚು ಬೆಲ್ಲ ಕಾಗದದಲ್ಲಿ ಕಟ್ಟಿ ಅಂಗಿಯ ಹಿಂಜೇಬಿಗೆ ತಾವೇ ಇಟ್ಟರು. ದುಡ್ಡಿನ ಮಾತೆತ್ತಲು ಬಿಡಲಿಲ್ಲ.

ದೀಪ ಹಾಕಿಕೊಂಡು ಹೊರಟೆ. ಬಡವನಹಳ್ಳಿ ದಾಟಿದ ಮೇಲೆ ರಸ್ತೆ ಖಾಲಿ. ಬೆಳಕಿನ ಸಣ್ಣ ವೃತ್ತ, ಅದರಾಚೆ ಕಪ್ಪು ಬಂಡೆಗಳ ಅಂಚು. ಗಾಳಿ ಇರಲಿಲ್ಲ. ಬೆನ್ನಿಗೂ ಇರಲಿಲ್ಲ, ಎದುರಿಗೂ ಇರಲಿಲ್ಲ. ಮುಖಕ್ಕೆ ತಾಗುತ್ತಿದ್ದದ್ದು ನಾನು ತುಳಿದಷ್ಟೇ. ವೇಗ 14. ದಣಿದ ಕಾಲಿಗೆ, ಎರಡು ಚೀಲಕ್ಕೆ, ಆ ರಸ್ತೆಗೆ ನನ್ನ ಪಾಲಿನ ವೇಗ ಅದು. ಎಷ್ಟೋ ವರ್ಷಗಳಿಂದ ತುಳಿಯುತ್ತಿದ್ದರೂ ಅದನ್ನು ನಾನು ಸರಿಯಾಗಿ ನೋಡಿದ್ದು ಆ ರಾತ್ರಿ. ಒಂಬತ್ತಕ್ಕೆ ಶಿರಾ ಹೆದ್ದಾರಿಯ ದೀಪಗಳು ಕಂಡವು.

ಮರುದಿನದಿಂದ ಮೂರೂವರೆಗೆ ಏಳುವುದು, ಒಂಬತ್ತಕ್ಕೆ ನಿಲ್ಲುವುದು, ಸಂಜೆ ಮತ್ತೆ ಸ್ವಲ್ಪ. ಆರು ದಿನದ ದಾರಿ ಎಂಟು ದಿನವಾಯಿತು. ಶಿರಾದ ಲಾಡ್ಜಿನಲ್ಲಿ ಅವತ್ತು ರಾತ್ರಿ ನಿದ್ದೆ ಹತ್ತದೆ ನೋಟ್‌ಬುಕ್ ತೆಗೆದು ಡಿಸೆಂಬರಿನ ಪುಟ ತಿರುಗಿಸಿದೆ. 4 ಗಂಟೆ 10 ನಿಮಿಷ, ಕೆಳಗೆ ಎರಡು ಗೆರೆ. ಅದರ ಪಕ್ಕ ಬರೆದೆ: ಮೂಡಲ ಗಾಳಿ. ಆಮೇಲೆ ಗೆಳೆಯನಿಗೆ ಫೋನ್ ಮಾಡಿದೆ. ಹೊತ್ತಾಗಿತ್ತು, ಆದರೂ ಎತ್ತಿದ. ಏಪ್ರಿಲ್‌ನಲ್ಲಿ ನೀನು ಮಧುಗಿರಿಗೆ ಹೋದ ದಿನ ಗಾಳಿ ಯಾವ ಕಡೆಯಿಂದ ಇತ್ತು ಅಂತ ನೆನಪಿದೆಯಾ ಎಂದು ಕೇಳಿದೆ.